ಚೆಂಬು ಮಾಮ ಮನೆ ಮುಟ್ಟಿದನೇ?

ಮಣ್ಣಗುಡ್ಡ, ಮಂಗಳೂರು
10 ನವೆಂಬರ್ 2025, ಸೋಮವಾರ

ಪ್ರೀತಿಯ ದೀಪೂ,

‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಬರೆಯಲು ಹೊರಟೆ. ನಾವು ಎನ್ನಬೇಕಾದರೆ ಮನೆಯಲ್ಲಿ ಇನ್ನೊಬ್ಬರಾದರೂ ಬೇಕಲ್ಲ, ಹಾಗಾಗಿ ಆ ಸಾಲು ಹೊಡೆದುಹಾಕಿ ಹೊಸ ಹಾಳೆ ತೆಗೆದುಕೊಂಡೆ. ನಾನು ಕ್ಷೇಮ. ಬಿಪಿ ಮಾತ್ರೆ ಶುರುವಾಗಿದೆ. ಕನ್ನಡಕದ ಅಂಗಡಿ ಹೇಗೋ ನಡೆಯುತ್ತಿದೆ. ಊರಿನವರ ಕಣ್ಣು ಪರೀಕ್ಷೆ ಮಾಡಿಸುವ ನಾನೇ ಈಗ ಕನ್ನಡಕವಿಲ್ಲದೆ ಓದಲಾರೆ, ನಗಬೇಡ.

ಕೂಳೂರು ಸೇತುವೆ ದಾಟಿದರೆ ನಿನ್ನ ಮನೆ. ಟ್ರಾಫಿಕ್ ಇಲ್ಲದಿದ್ದರೆ ಇಪ್ಪತ್ತು ನಿಮಿಷ. ಅಷ್ಟು ಹತ್ತಿರದವನಿಗೆ ಸ್ಟ್ಯಾಂಪು ಹಚ್ಚಿ ಕಾಗದ ಬರೆಯುವವನಿಗೆ ತಲೆ ಸರಿ ಉಂಟಾ ಎಂದು ನಿನಗೆ ಅನಿಸಬಹುದು. ಫೋನಾದರೆ ನೀನು ಅರ್ಧದಲ್ಲಿ ಕಟ್ ಮಾಡುತ್ತೀ. ಕಾಗದವನ್ನೂ ಹರಿಯಬಹುದು, ಆದರೆ ಯಾರದ್ದೆಂದು ನೋಡಿಯೇ ಹರಿಯಬೇಕು, ನೋಡಿದ ಮೇಲೆ ನಾಲ್ಕು ಸಾಲು ಓದದೆ ಬಿಡುವ ಜಾತಿಯಲ್ಲ ನಿನ್ನದು.

ಮೊದಲು ದೊಡ್ಡ ಮಾತು ಮುಗಿಸುತ್ತೇನೆ. ದೇಯಿಯಮ್ಮ ಹೋಗಿ ಬರುವ ಜನವರಿಗೆ ನಾಲ್ಕು ವರ್ಷ. ನಿನ್ನ ಅಮ್ಮ ನನಗೂ ಅನ್ನ ಹಾಕಿದವರು, ಅವರನ್ನು ಕೊನೆಗೊಮ್ಮೆ ನೋಡಲು ನಾನು ಬರಲಿಲ್ಲ. ಅಂಗಡಿಯ ಕೆಲಸದ ಮೇಲೆ ಬೊಂಬಾಯಿಗೆ ಹೋಗಿದ್ದೆ ಎಂದು ಆಮೇಲೆ ಹೇಳಿದೆನಲ್ಲ, ಅದು ಸುಳ್ಳೆಂದು ನಿನಗೆ ಆಗಲೇ ಗೊತ್ತಿತ್ತು. ಅದೇ ದಿನ ಬೆಳಿಗ್ಗೆ ರೇಚಲ್ ಮಗನನ್ನು ಕರೆದುಕೊಂಡು ಬಿಕರ್ನಕಟ್ಟೆಯ ತಾಯಿಮನೆಗೆ ಹೋದಳು. ನಾನು ಅಡುಗೆಮನೆಯ ನೆಲದ ಮೇಲೆ ಸಂಜೆವರೆಗೆ ಕೂತಿದ್ದೆ. ಬಂದರೆ ಎಲ್ಲರೂ ಹೆಂಡತಿ ಎಲ್ಲಿ ಎಂದು ಕೇಳುತ್ತಾರಲ್ಲ, ಅದೇ ಹೆದರಿಕೆ. ಸಾವಿನ ಮನೆಯಲ್ಲಿ ನನ್ನ ಹೆಂಡತಿಯ ವಿಚಾರ ಯಾರಿಗೆ ಬೇಕಿತ್ತು, ಹೇಳು. ಆದರೆ ಮರ್ಯಾದೆಗೆ ಅಂಜುವವನಿಗೆ ಲೆಕ್ಕಾಚಾರ ತಿಳಿಯುವುದಿಲ್ಲ. ನೀನು ಮಾತು ಬಿಟ್ಟೆ, ನಾನೂ ಬಿಗಿದುಕೊಂಡೆ. ತಪ್ಪು ನನ್ನದು. ಹೊಟ್ಟೆಗೆ ಹಾಕಿಕೋ ಎಂದು ಕೇಳಲು ತಡವಾಯಿತು, ಆದರೂ ಕೇಳುತ್ತಿದ್ದೇನೆ.

ಹೋದ ತಿಂಗಳು ಅಂಗಡಿಯ ಎದುರು ಮೈಕ್ ಕಟ್ಟಿದ ಆಟೋ ಒಂದು ಹೋಯಿತು. ಕಬಡ್ಡಿ ಪಂದ್ಯಾಟದ ಅನೌನ್ಸ್‌ಮೆಂಟು, ನಿನ್ನದೇ ಸ್ವರ. ಗಿರಾಕಿಯ ಮೂಗಿನ ಮೇಲೆ ಫ್ರೇಮ್ ಇಟ್ಟವನು ಹಾಗೇ ಬಿಟ್ಟು ರಸ್ತೆಗೆ ಬಂದೆ. ‘ಕ್ರೀಡಾಭಿಮಾನಿಗಳೆಲ್ಲರೂ ಬನ್ನಿ’ ಎಂದು ಕರೆಯುತ್ತಾ ನೀನು ತಿರುವಿನಲ್ಲಿ ಮಾಯವಾದೆ. ರೆಕಾರ್ಡು ಎಂದು ಗೊತ್ತಿದ್ದರೂ ಒಳಗೆ ನೀನು ಕೂತಿದ್ದೀಯೋ ಎಂದು ನೋಡಿದೆ.

ಈಗ ನಿನ್ನಿಂದ ನನಗೊಂದು ಕೆಲಸ ಆಗಬೇಕು. ನಮ್ಮ ಚೆಂಬು ಮಾಮ ನೆನಪುಂಟಾ? ನನ್ನ ಪಪ್ಪ ಅಲೆಕ್ಸ್ ಬಹ್ರೈನಿನ ಟೀವಿಯಿಂದ ರೆಕಾರ್ಡ್ ಮಾಡಿ ತಂದ ಕ್ಯಾಸೆಟಿನ ಕಾರ್ಟೂನು. ತಲೆಗೆ ಹಿತ್ತಾಳೆಯ ದೊಡ್ಡ ಟೊಪ್ಪಿ ಹಾಕಿ ಸಮುದ್ರದ ತಳದಲ್ಲಿ ನಡೆಯುವ ಮುಳುಗುಗಾರ. ನಿಮ್ಮ ಅಟ್ಟದ ಮೇಲಿನ ಚೆಂಬಿನ ಹಾಗೆ ಉಂಟು ಎಂದು ನೀನೇ ಹೆಸರಿಟ್ಟದ್ದು. ಮೇಲೆ ಇಂಗ್ಲಿಷ್ ಮಾತು, ಕೆಳಗೆ ಅರಬಿ ಅಕ್ಷರ, ಎದುರಿಗೆ ಕನ್ನಡ ಮೀಡಿಯಮ್ಮಿನ ನಾಲ್ಕನೇ ಕ್ಲಾಸಿನ ನಾವಿಬ್ಬರು. ಎಂತ ಹೇಳ್ತಾನೆ ಅವನು ಎಂದು ನಾನು ಕೇಳುತ್ತಿದ್ದೆ. ನಿನ್ನ ಮಾವ ಬೊಂಬಾಯಿಯಲ್ಲಿ ಇದ್ದದ್ದರಿಂದ ನಿನಗೆ ಇಂಗ್ಲಿಷ್ ಬರುತ್ತದೆಂದು ನೀನು ಹೇಳಿದ್ದೆ, ನಾನು ನಂಬಿದ್ದೆ. ಪಾತ್ರಕ್ಕೊಂದು ಸ್ವರ ತೆಗೆದು, ಕನ್ನಡಕ್ಕೆ ತುಳು ಬೆರೆಸಿ, ಎಲ್ಲ ನೀನೇ ಹೇಳುತ್ತಿದ್ದೆ. ಚೆಂಬು ಮಾಮ ನಮ್ಮ ಬಂದರಿನವನು, ದಾರಿ ತಪ್ಪಿದ್ದಾನೆ, ಅಮ್ಮನಿಗೆ ಕೊಡಲು ಚೀಲದಲ್ಲಿ ಒಂದು ಸೀರೆ ಉಂಟು, ಸಿಕ್ಕ ಮೀನಿನ ಹತ್ತಿರವೆಲ್ಲ ಮಂಗಳೂರಿಗೆ ದಾರಿ ಕೇಳುತ್ತಾನೆ. ಜೊತೆಗಿದ್ದ ಏಡಿಗೆ ಡೆಂಜಿಯಣ್ಣ ಎಂದು ಹೆಸರು. ನಿನ್ನನ್ನು ಕಿವಿ ಹಿಂಡಿ ಕರೆದುಕೊಂಡು ಹೋಗಲು ಬಂದ ದೇಯಿಯಮ್ಮ ತಾವೇ ಕೂತು ನೋಡುತ್ತಿದ್ದರು. ಅದರಲ್ಲಿ ಬರುವ ಕಳ್ಳರು ಎಷ್ಟು ಸಲ ನೀರಿಗೆ ಬಿದ್ದರೂ ಉಗುಳುತ್ತಾ ಮೇಲೆ ಬರುತ್ತಿದ್ದರು, ಒಬ್ಬನೂ ಮುಳುಗುತ್ತಿರಲಿಲ್ಲ. ಅದು ಅವರಿಗೆ ಬಹಳ ಇಷ್ಟ.

ನನ್ನ ಮಗ ರೂಬನ್‌ಗೆ ಈಗ ಒಂಬತ್ತು ವರ್ಷ. ಎರಡನೇ ಮತ್ತು ನಾಲ್ಕನೇ ಆದಿತ್ಯವಾರ ಚರ್ಚಿನ ಪೂಜೆ ಮುಗಿಸಿ ನನ್ನ ಹತ್ತಿರ ಬರುತ್ತಾನೆ, ಸಂಜೆ ಆರಕ್ಕೆ ಬಿಡಬೇಕು. ಉಳಿದ ದಿನ ಅವನಿಗೆ ಏನು ತೋರಿಸಲಿ, ಏನು ತಿನ್ನಿಸಲಿ ಎಂದೇ ನನ್ನ ಯೋಚನೆ. ಸೆಪ್ಟೆಂಬರಿನಲ್ಲಿ ಒಂದು ಆದಿತ್ಯವಾರ, ಈ ಪಪ್ಪ ಸಣ್ಣವನಿದ್ದಾಗಿನ ಕಾರ್ಟೂನು ತೋರಿಸುತ್ತೇನೆ ಎಂದು ಜಂಬ ಕೊಚ್ಚಿ, ನೆನಪಿದ್ದ ಇಂಗ್ಲಿಷ್ ಹೆಸರು ಹುಡುಕಿ ಟೀವಿಗೆ ಹಾಕಿದೆ. ಅದೇ ಹಿತ್ತಾಳೆ ಟೊಪ್ಪಿ, ಅದೇ ಸಮುದ್ರ, ಆದರೆ ನಿಜವಾದ ಮನುಷ್ಯರು. ಹಳೇ ಸಿನಿಮಾ. ಕಾರ್ಟೂನು ಅದರಿಂದ ಮಾಡಿದ್ದಂತೆ, ನನಗೇನು ಗೊತ್ತು? ಕಳ್ಳಸಾಗಣೆಯವರು ಕೊಂದು ಮುಳುಗಿಸಿದ ಮುಳುಗುಗಾರ ಎದ್ದು ಬಂದು ಅವರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುವ ಕಥೆ. ಐದು ನಿಮಿಷದಲ್ಲಿ ಒಬ್ಬನ ತಲೆಯನ್ನು ಎಣ್ಣೆಯ ಡ್ರಮ್ಮಿಗೆ ಅದುಮಿದ. ಈಗ ಮೇಲೆ ಬರ್ತಾನೆ ನೋಡು, ಈಗ ಬರ್ತಾನೆ ಎಂದು ನಾನು ಮಗನಿಗೆ ಹೇಳುತ್ತಲೇ ಇದ್ದೆ. ಅವನು ಬರಲಿಲ್ಲ. ನನ್ನ ತಲೆಯಲ್ಲಿ ನಿನ್ನ ಕಥೆ ಎಷ್ಟು ಗಟ್ಟಿಯಾಗಿತ್ತೆಂದರೆ ರಿಮೋಟ್ ಒತ್ತಬೇಕೆಂದು ಹೊಳೆಯಲೇ ಇಲ್ಲ. ತಿರುಗಿ ನೋಡುವಾಗ ಹುಡುಗ ಸೋಫಾದ ಹಿಂದೆ ಕೂತು ಕಿವಿ ಮುಚ್ಚಿಕೊಂಡಿದ್ದ.

ಅವನು ಮೂರು ದಿನ ಸ್ನಾನಕ್ಕೆ ಬಕೆಟ್ ಮುಟ್ಟಲಿಲ್ಲ ಎಂದು ರೇಚಲ್ ಫೋನ್ ಮಾಡಿದಳು. ಜೋರು ಮಾಡಿದ್ದರೆ ನನಗೆ ಸುಲಭವಿತ್ತು. ಸ್ವಲ್ಪ ನೋಡಿ ಹಾಕಬೇಕಲ್ಲ ಎಂದಳು, ಅಷ್ಟೇ. ಆಮೇಲೆ ಎರಡು ಸಲ ಅವನು ಬರಲಿಲ್ಲ. ಅವನಿಗೆಂದು ತಂದ ಐಸ್‌ಕ್ರೀಮ್ ಫ್ರಿಜ್ಜಿನಲ್ಲಿತ್ತು, ನಾನು ತಿನ್ನಲಿಲ್ಲ. ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲದ ಆದಿತ್ಯವಾರ ಹೇಗಿರುತ್ತದೆಂದು ನಿನಗೆ ಗೊತ್ತಾಗುವುದು ಬೇಡ.

ಅಕ್ಟೋಬರ್ ಕೊನೆಗೆ ಬಂದ. ಬಾಗಿಲಲ್ಲೇ ನಿಂತು, ಪಪ್ಪಾ, ನಿಮ್ಮ ಕಾರ್ಟೂನಿನಲ್ಲೂ ಎಲ್ಲರೂ ಸಾಯ್ತಾರಾ ಎಂದು ಕೇಳಿದ. ಇಲ್ಲ ಎಂದೆ, ನಂಬಲಿಲ್ಲ. ಕೊನೆಗೆ ಟೀವಿಯ ವೈರು ಕಿತ್ತು ಬದಿಗಿಟ್ಟು, ನಿನ್ನ ಕಥೆಗಳನ್ನು ಒಂದೊಂದಾಗಿ ನಾನೇ ಹೇಳಿದೆ. ನಿನ್ನ ಸ್ವರ ನನಗಿಲ್ಲ, ಆದರೂ ಡೆಂಜಿಯಣ್ಣನಿಗೆ ಮೂಗಿನಲ್ಲಿ ಮಾತಾಡಿದೆ. ಮೊದಲು ದೂರ ಕೂತಿದ್ದವನು ಮೂರನೇ ಕಥೆಗೆ ನನ್ನ ಕಾಲ ಮೇಲೆ ತಲೆ ಇಟ್ಟ. ಇಷ್ಟು ವರ್ಷದಲ್ಲಿ ಮೊದಲ ಸಲ, ದೀಪೂ. ಕಾಲು ಜೋಮು ಹಿಡಿದರೂ ನಾನು ಅಲುಗಾಡಲಿಲ್ಲ.

ಮಧ್ಯಾಹ್ನ ಧೈರ್ಯ ಮಾಡಿ, ನಿಜವಾದ ಕಾರ್ಟೂನನ್ನೇ ಹುಡುಕಿ, ಈ ಸಲ ಮೊದಲು ನಾನೊಬ್ಬನೇ ಸ್ವಲ್ಪ ನೋಡಿ ಹಾಕಿದೆ. ನನಗೀಗ ಇಂಗ್ಲಿಷ್ ಅರ್ಥವಾಗುತ್ತದಲ್ಲ. ಮಾರಾಯ, ಅದರಲ್ಲಿ ಅಮ್ಮ ಇಲ್ಲ, ಸೀರೆ ಇಲ್ಲ, ಮನೆ ದಾರಿ ಇಲ್ಲ. ಏಡಿ ಮಕ್ಕಳಿಗೆ ದಿನಕ್ಕೆರಡು ಸಲ ಹಲ್ಲುಜ್ಜಿ ಎನ್ನುತ್ತದೆ. ಮುಳುಗುಗಾರ ಹೊಸ ಹೊಸ ದೋಣಿ ತೋರಿಸುತ್ತಾನೆ, ಆಟಿಕೆ ಮಾರಲು ಇರಬೇಕು. ನೀನು ಹೇಳಿದ ಒಂದಕ್ಷರವೂ ಅದರಲ್ಲಿಲ್ಲ. ಮೂವತ್ತೈದು ವರ್ಷ ಯಾವುದೋ ದೇಶದವರು ಬರೆದ ಕಥೆ ಎಂದು ನಾನು ಪ್ರೀತಿಸಿದ್ದು ಪೂರ್ತಿ ನಿನ್ನದು, ಒಂಬತ್ತು ವರ್ಷದ ಹುಡುಗನದ್ದು. ನನಗೆ ಅಳು ಬಂತು. ಇದಲ್ಲ ಪಪ್ಪಾ, ಅದನ್ನೇ ಹೇಳಿ ಎಂದ ರೂಬನ್. ಅದನ್ನು ಮಾಡಿದ್ದು ಯಾರು ಎಂದ. ನನ್ನ ಫ್ರೆಂಡ್ ದೀಪೇಶ್ ಅಂಕಲ್ ಎಂದೆ. ಅವರೆಲ್ಲಿ ಎಂದ. ಏನೋ ಒಂದು ಹೇಳಿ ಮಾತು ಮುಗಿಸಿದೆ.

ಈಗ ತೊಂದರೆ ಕಥೆಯ ಕೊನೆಯದ್ದು. ಆರನೇ ಕಥೆ ಅರ್ಧದಲ್ಲಿ ಕ್ಯಾಸೆಟ್ ಮುಗಿಯುತ್ತಿತ್ತು. ಉಳಿದದ್ದನ್ನು ನೀನು ನಿಮ್ಮ ಕಾಂಪೌಂಡ್ ಗೋಡೆಯ ಮೇಲೆ ಕೂತು ಬಾಯಲ್ಲೇ ಹೇಳಿದೆ. ಆ ದಿನ ದೇಯಿಯಮ್ಮ ನೀರುದೋಸೆಗೆ ಬಂಗುಡೆ ಮೀನಿನ ಪುಳಿಮುಂಚಿ ಬಡಿಸಿದ್ದರು. ಅದರ ಖಾರ ನೆನಪುಂಟು, ಕಥೆಯ ಕೊನೆ ನೆನಪಿಲ್ಲ. ಹೊಟ್ಟೆಬಾಕ ನಾನು. ಚೆಂಬು ಮಾಮ ಮನೆ ಮುಟ್ಟಿದನೇ? ಅಮ್ಮ ಇದ್ದರೇ? ನಿನ್ನೆ ಬಂದಾಗಲೂ ರೂಬನ್ ಅದನ್ನೇ ಕೇಳಿದ. ನಾನೇ ಒಂದು ಕೊನೆ ಕಟ್ಟಿ ಹೇಳಿದೆ, ಇದು ನೀವು ಮಾಡಿದ್ದು ಎಂದು ಕೂಡಲೇ ಹಿಡಿದ. ನೀನು ಒಂದು ಹಾಳೆಯಲ್ಲಿ ಬರೆದು ಕಳಿಸು. ಬರೆಯಲು ಬೇಜಾರಾದರೆ ಫೋನಿನಲ್ಲಿ ಹೇಳಿ ಕಳಿಸು, ನನ್ನ ಜೊತೆ ಮಾತಾಡಬೇಕೆಂದಿಲ್ಲ.

ನಿನ್ನ ಮೋಕ್ಷಾ ಈ ಸಲ ಹತ್ತನೇ ಕ್ಲಾಸಲ್ಲವೇ? ಅವಳಿಗೆ ಒಳ್ಳೆಯದಾಗಲಿ, ದೇಯಿಯಮ್ಮನ ಗಟ್ಟಿ ಮನಸ್ಸು ಅವಳಿಗೆ ಬರಲಿ. ನಿನ್ನ ಗಂಟಲು ಚೆನ್ನಾಗಿರಲಿ. ನಿನ್ನ ಮನೆಯವರಿಗೆಲ್ಲ ದೇವರು ಆರೋಗ್ಯ ಕೊಡಲಿ.

ನಿನ್ನ
ಗೇವಿನ್

ತಾ.ಕ.: ಕವರು ಅಂಟಿಸಿದ್ದೆ, ಬಿಡಿಸಿ ಬರೆಯುತ್ತಿದ್ದೇನೆ. ಅವರೆಲ್ಲಿ ಎಂದು ರೂಬನ್ ಕೇಳಿದಾಗ ನಾನು ಹೇಳಿದ್ದು ‘ಏನೋ ಒಂದು’ ಅಲ್ಲ. ತೀರಿಕೊಂಡರು ಎಂದೆ. ಇಪ್ಪತ್ತು ನಿಮಿಷದ ದಾರಿಯಲ್ಲಿ ಇದ್ದಾನೆ, ನನ್ನ ತಪ್ಪಿನಿಂದ ಬರುವುದಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಸತ್ತ ಎಂದರೆ ಮುಂದಿನ ಪ್ರಶ್ನೆ ಇರುವುದಿಲ್ಲ ಎಂದುಕೊಂಡೆ.

ನವೆಂಬರ್ ಎರಡು ನಮ್ಮಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ದಿನ. ರೂಬನ್‌ನ ಅಜ್ಜಿ ಬರ್ನಡೆಟ್ ಅವನನ್ನು ಸಿಮೆಟ್ರಿಗೆ ಕರೆದುಕೊಂಡು ಹೋಗಿದ್ದರಂತೆ. ಅಲ್ಲಿ ಸಮಾಧಿ ಇಲ್ಲದವರಿಗೆ ದೊಡ್ಡ ಶಿಲುಬೆಯ ಬುಡದಲ್ಲಿ ಕ್ಯಾಂಡಲ್ ಹಚ್ಚುತ್ತಾರೆ. ನಿನ್ನೆ ಹೊರಡುವಾಗ ಚಪ್ಪಲಿ ಹಾಕುತ್ತಾ ಹೇಳಿದ, “ಪಪ್ಪಾ, ದೀಪೇಶ್ ಅಂಕಲ್‌ಗೆ ನಾನೊಂದು ಹಚ್ಚಿದ್ದೇನೆ. ಈಗ ದಿನಾ ಪ್ರಾರ್ಥನೆಯಲ್ಲಿ ಅವರ ಹೆಸರೂ ಹೇಳ್ತೇನೆ, ನೀವು ಬೇಜಾರು ಮಾಡ್ಬೇಡಿ.”

ಬದುಕಿರುವ ನಿನ್ನನ್ನು ನಾನು ಕೊಂದೆ, ಮಗು ದಿನಾ ನಿನಗಾಗಿ ಕೈ ಮುಗಿಯುತ್ತಿದೆ. ಕಾಗದ ಬೇಡ, ಫೋನೂ ಬೇಡ. ಇಪ್ಪತ್ಮೂರನೇ ತಾರೀಕು ನಾಲ್ಕನೇ ಆದಿತ್ಯವಾರ, ಹತ್ತು ಗಂಟೆಗೆ ಅವನು ಇಲ್ಲಿರುತ್ತಾನೆ. ನೀನು ಬಂದರೆ ಅವನ ಎದುರು ನಾನು ಸುಳ್ಳುಗಾರನಾಗುತ್ತೇನೆ, ಮತ್ತೆ ಅವನು ಬಾರದ ಆದಿತ್ಯವಾರ ಎಷ್ಟು ಹೋಗುತ್ತದೋ ಗೊತ್ತಿಲ್ಲ. ಹೋಗಲಿ. ನೀನು ಬಾ.