ಚನ್ನರಾಯಪಟ್ಟಣದ ಹೊತ್ತಿಗೆ ಉಂಡೆ

ಪದ್ದಕ್ಕಾ,

ಇಟಲಿಯಿಂದ ನಾನು ಹಾಕಿದ ಕಾಗದಕ್ಕೆ ನೀನು ಉತ್ತರ ಬರೆದಿದ್ದೆ. ಅದು ನನ್ನ ಕೈಗೆ ಸಿಕ್ಕಿದ್ದು ನಿನ್ನ ಮನೆಯಲ್ಲೇ, ನೀನಿಲ್ಲದ ಮನೆಯಲ್ಲಿ. ಬಂದ ಕಾಗದಕ್ಕೆ ಮಾರುತ್ತರ ಬರೀಬೇಕು, ಆ ಕಡೆಯವರು ಕಾಯ್ತಿರ್ತಾರೆ ಅಂತ ಹೇಳಿಕೊಟ್ಟವಳು ನೀನೇ ಅಲ್ವಾ? ಅದಕ್ಕೇ ಬರೀತಿದ್ದೀನಿ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಬರವಣಿಗೆ, ತಪ್ಪಿದ್ದಲ್ಲಿ ಎಂದಿನಂತೆ ತಿದ್ದಿಕೋ. ತಿದ್ದೋಕೆ ಇನ್ನು ಯಾರಿದ್ದಾರೆ...

ಹೊರಟ ದಿನ ನೆನಪಿದೆಯಾ? ಹಾಸನದಿಂದ ಬೆಂಗಳೂರಿಗೆ ಹೋಗೋ ನಮ್ಮ ಬಸ್ಸು ಚನ್ನರಾಯಪಟ್ಟಣದಲ್ಲಿ ಹತ್ತು ನಿಮಿಷ ನಿಲ್ಲುತ್ತೆ ಅಂತ ನೀನು ಬಸ್ ಸ್ಟ್ಯಾಂಡಿಗೆ ಬಂದಿದ್ದೆ. ಸೆರಗಿನ ಕೆಳಗೆ ಏನೋ ಬಚ್ಚಿಟ್ಟುಕೊಂಡಿದ್ದೆ. ನಾನು ಚಕ್ಕುಲಿ ಅಂದುಕೊಂಡೆ. ನೋಡಿದರೆ ನಿನ್ನ ಅಡುಗೆಮನೆ ಗೂಡಿನ ಟೈಂಪೀಸು! ಮಳೆಗಾಲದಲ್ಲಿ ಮೋಡ ಮುಚ್ಚಿ ಹೊತ್ತು ಕಾಣದಾಗ, ಕತ್ತಲಾಗೋದಕ್ಕೆ ಮುಂಚೆ ಎಲ್ಲರ ಊಟ ಮುಗೀಲಿ ಅಂತ ಸಂಜೆ ಆರಕ್ಕೆ ಬಡಿಯೋ ಹಾಗೆ ನೀನು ಇಟ್ಟಿದ್ದ ಟೈಂಪೀಸು. ಅಮ್ಮ ಹೋದಮೇಲೆ ಎಂಟು ವರ್ಷದ ನನ್ನನ್ನ ಜಿನನಾಥಪುರದಿಂದ ನಿನ್ನ ಗಂಡನ ಮನೆಗೆ ಕರಕೊಂಡು ಬಂದೆಯಲ್ಲ, ಅವತ್ತಿನಿಂದ ಮದುವೆಯಾಗೋ ತನಕ ಆ ಬಡಿತ ಕೇಳಿಯೇ ನಾನು ತಟ್ಟೆ ಎತ್ತಿದ್ದು.

"ಇದನ್ನ ಯಾಕಕ್ಕ ಕೊಡ್ತೀಯ? ನಿಂಗೆ?" ಅಂದೆ.

"ನಂಗೆ ಎದುರು ಮನೆ ಕೋಳಿ ಗೂಡು ಸೇರೋದು ಕಾಣ್ಸುತ್ತೆ. ನೀನು ಹೆದರುಪುಕ್ಲಿ. ಟಿಕ್ ಟಿಕ್ ಅಂತಿದ್ರೆ ಅಕ್ಕ ಪಕ್ಕದಲ್ಲೇ ಇದ್ದಾಳೆ ಅನ್ಕೋ. ಹೋಗ್ ಬಾ ಕಣೇ ಚಂದ್ರಿ, ಸಮುದ್ರ ನಿನ್ನನ್ನ ತಿನ್ನಲ್ಲ" ಅಂತ ನಕ್ಕೆ.

ನನಗೆ ಹೋಗೋ ಮನಸ್ಸೇ ಇರಲಿಲ್ಲ, ನಿನಗೆ ಗೊತ್ತು. ಇವರ ಕಾಫಿ ವ್ಯಾಪಾರದ ಸ್ನೇಹಿತರು, ನೇಪಲ್ಸಿನ ಸಾಹೇಬರು, ಹಾಸನಕ್ಕೆ ಬಂದಾಗ ನಮ್ಮ ಮನೇಲಿ ಉಂಡು, ಹೆಂಡತಿ ಜೊತೆ ಬನ್ನಿ, ಒಂದು ತಿಂಗಳು ನಮ್ಮ ಸಮುದ್ರದ ದಡದಲ್ಲಿ ಆರಾಮವಾಗಿರಿ ಅಂತ ಕರೆದರು. ಇವರು ಕುಣಿದರು. ನಾನು ಅತ್ತೆ. ಹಡಗು ಮುಳುಗಿದರೆ? ಅಲ್ಲಿ ಬೆಳ್ಳುಳ್ಳಿ ಹಾಕದ ಅಡುಗೆ ಸಿಗದಿದ್ದರೆ? ಕೊನೆಗೆ ನೀನು ಹೇಳಿದೆ ಅಂತ ಹೊರಟೆ. ನೀನು ಹೇಳದೆ ನಾನು ಯಾವ ಕೆಲಸ ಮಾಡಿದ್ದೀನಿ ಹೇಳು?

ಬೊಂಬಾಯಿಯಿಂದ ಹಡಗು ಹತ್ತಿದ ಮೇಲೆ ದಿನಾ ಎಲ್ಲರೂ ತಮ್ಮ ತಮ್ಮ ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸ್ತಿದ್ದರು. ಇವರೂ ತಿರುಗಿಸಿದರು. ನಾನು ನಿನ್ನ ಟೈಂಪೀಸು ಮುಟ್ಟಗೊಡಲಿಲ್ಲ. ನೇಪಲ್ಸಿಗೆ ಇಳಿದರೆ ಅಲ್ಲಿ ಸಾಯಂಕಾಲ ಏಳೂವರೆಯಾದರೂ ಹೊತ್ತು ಮುಳುಗೋಲ್ಲ! ನಮ್ಮಲ್ಲಿ ಆಗ ನಡುರಾತ್ರಿ. ನನಗೆ ದಿಗಿಲಾಯಿತು. ಜೈನರ ಮನೇಲಿ ಹುಟ್ಟಿ ನಡುರಾತ್ರಿ ಉಣ್ಣೋದೇ? ಇವರನ್ನ ಕೇಳಿದೆ.

"ಎದುರಿಗೆ ಹಂಡೆಯಷ್ಟು ಸೂರ್ಯ ಕಾಣ್ತಿದ್ದಾನೆ, ನಿಂಗೆ ಕಣ್ಣಿಲ್ವೇನೆ?" ಅಂದರು.

ಇವರ ಮಾತನ್ನ ಇಂಥ ವಿಷಯದಲ್ಲಿ ನಾನು ಯಾವತ್ತು ನಂಬಿದ್ದೀನಿ? ಅಂಜೂರದ ಹಣ್ಣು ನಮಗೆ ನಿಷಿದ್ಧ ಅಂತ ಗೊತ್ತಿದ್ದೂ ಕಂಬದ ಮರೆಯಲ್ಲಿ ನಿಂತು ನಾಲ್ಕು ತಿಂದವರು. ಅದಕ್ಕೇ ಎರಡನೇ ದಿನವೇ ನಿನಗೆ ಕಾಗದ ಬರೆದೆ. ಯಾವ ಸೂರ್ಯನ ಪ್ರಕಾರ ಉಣ್ಣಲಿ ಅಕ್ಕ, ಇಲ್ಲಿಯದೋ ನಮ್ಮೂರದೋ? ಉತ್ತರ ಬರೋ ತನಕ ಇರಲಿ ಅಂತ ನಿನ್ನ ಟೈಂಪೀಸನ್ನೇ ಹಿಡಿದೆ. ಅದು ಆರು ಬಡಿದಾಗ ಅಲ್ಲಿ ಮಟಮಟ ಮಧ್ಯಾಹ್ನ ಒಂದೂವರೆ. ಅಷ್ಟರೊಳಗೆ ಗಬಗಬ ತಿಂದು ಕೈ ತೊಳೆದುಬಿಡ್ತಿದ್ದೆ. ಆಮೇಲೆ ಮಾರನೇ ದಿನದ ತನಕ ಒಂದು ತೊಟ್ಟು ನೀರೂ ಇಲ್ಲ. ನನ್ನ ದಡ್ಡತನ ನೋಡು.

ಎಂಥ ಊಟದ ದೇಶ ಅಕ್ಕ ಅದು! ಸಮುದ್ರದ ಮೇಲಿನ ಬಂಡೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಿಂಬೆ ತೋಟ, ಒಂದೊಂದು ನಿಂಬೆ ನಮ್ಮ ಮಾವಿನಕಾಯಿ ಗಾತ್ರ. ಟೊಮೇಟೊ ಹಣ್ಣನ್ನ ಹೆಚ್ಚಿ ಉಪ್ಪು ಹಾಕಿ, ಒಣ ರೊಟ್ಟಿ ಮೇಲೆ ಹಿಂಡಿ ಕೊಡ್ತಾರೆ. ಮೀನಿನ ವಾಸನೆಗೆ ಮಾತ್ರ ಮೂಗಿಗೆ ಸೆರಗು ಹಿಡಿದೇ ಓಡಾಡಿದೆ. ಸಾಹೇಬರ ತಾಯಿ, ಎಪ್ಪತ್ತು ದಾಟಿದ ಮುದುಕಿ, ಥೇಟ್ ನಮ್ಮ ಹಾಗೇ ಕೋಲಿನ ಮೇಲೆ ಶಾವಿಗೆ ಒಣಗಿಸ್ತಿದ್ದಳು. ನಾನು ನೋಡ್ತಾ ನಿಂತುಬಿಟ್ಟೆ, ಕಾಗದದಲ್ಲೂ ಬರೆದಿದ್ದೆನಲ್ಲ. ನಿನ್ನ ಶಾವಿಗೆ ಒರಳಿನ ಮೇಲೆ ಜೋತುಬಿದ್ದು ಒತ್ತುತ್ತಿದ್ದ ದಿನಗಳೇ ಕಣ್ಣ ಮುಂದೆ. ಅಜ್ಜಿ ದಿನಾ ಸಾಯಂಕಾಲ ನಾಲ್ಕಕ್ಕೆ ನನಗೇ ಅಂತ ಬೆಳ್ಳುಳ್ಳಿ ಬಿಟ್ಟು ಮಾಡಿ, ಬಿಸಿಬಿಸಿ ತಟ್ಟೆ ತಂದು ಮುಂದಿಡುವಳು. ನಾನು ದಿನಾ ಕೈ ಮುಗಿದು ಬೇಡ ಅನ್ನುವೆ. ಅವಳು ಹೊರಗಿನ ಬಿಸಿಲು ತೋರಿಸುವಳು, ನಾನು ಟೈಂಪೀಸು ತೋರಿಸುವೆ. ಕೊನೆಕೊನೆಗೆ ಅವಳ ಮುಖ ಸಣ್ಣದಾಗ್ತಿತ್ತು. ಪಾಪ, ತನ್ನ ಅಡುಗೆ ಸೇರಲ್ಲ ಅಂದುಕೊಂಡಳೋ ಏನೋ...

ಒಂದು ಬುಧವಾರ ಹಾಳೂರು ನೋಡಲು ಕರಕೊಂಡು ಹೋದರು. ಪೊಂಪೇಯಿ ಅಂತ. ಸಾವಿರಾರು ವರ್ಷದ ಹಿಂದೆ ಪಕ್ಕದ ಬೆಟ್ಟ ಬೆಂಕಿ ಕಾರಿ, ಬೂದಿ ಬಿದ್ದು, ಇಡೀ ಊರು ಮುಚ್ಚಿಹೋಯಿತಂತೆ. ಕಲ್ಲು ಹಾಸಿದ ಬೀದಿ, ಗಾಡಿ ಚಕ್ರ ಸವೆಸಿದ ಗುರುತು, ರೊಟ್ಟಿ ಸುಡುವವನ ಅಂಗಳದಲ್ಲಿ ಆಳೆತ್ತರದ ಬೀಸೋಕಲ್ಲು, ಒಲೆ. ಒಲೆಯೊಳಗೆ ಬೇಯಲು ಇಟ್ಟ ರೊಟ್ಟಿ ಹಾಗೇ ಕರಿಕಾಗಿ ಸಿಕ್ಕಿತು ಅಂತ ಹೇಳಿದರು. ಆ ರೊಟ್ಟಿಗೆ ಯಾರು ಕಾಯ್ತಿದ್ದರೋ? ಯಾವ ಅಕ್ಕ, ಯಾವ ತಂಗಿ? ಅಷ್ಟರಲ್ಲಿ ನನ್ನ ಚೀಲದೊಳಗೆ ನಿನ್ನ ಟೈಂಪೀಸು ಕಿರ್ರೋ ಅಂತ ಬಡಿದುಕೊಳ್ಳೋಕೆ ಶುರು! ಊರು ತೋರಿಸುವವನು ಬೆಚ್ಚಿಬಿದ್ದು ಟೋಪಿ ಕೆಳಗೆ ಹಾಕಿದ. ನನಗೆ ಮಾತ್ರ, ಅಯ್ಯೋ, ಇನ್ನೂ ತಿಂದೇ ಇಲ್ಲವಲ್ಲ ಅಂತ. ಆ ಒಲೆ ಪಕ್ಕದ ಕಲ್ಲಿನ ಮೇಲೇ ಕೂತು, ಕಟ್ಟಿಕೊಂಡು ಹೋಗಿದ್ದ ರೊಟ್ಟಿಯನ್ನ ಎರಡೇ ತುತ್ತಿಗೆ ನುಂಗಿದೆ. ಗಂಟಲಿಗೆ ಸಿಕ್ಕಿ ಕಣ್ಣಲ್ಲಿ ನೀರು ಬಂತು.

"ಯಾರು ಅಟ್ಟಿಸ್ಕೊಂಡು ಬರ್ತಿದ್ದಾರೆ ನಿನ್ನ?" ಅಂತ ಇವರು ಬೆನ್ನು ಗುದ್ದಿದರು.

ಅದೇ ಬುಧವಾರ ಅಂತೆ ಅಕ್ಕ, ನೀನು ಹೋದದ್ದು. ಊರಿಗೆ ಬಂದ ಮೇಲೆ ನಿನ್ನ ಮಗಳು ವಿಮಲ ಹೇಳಿದಳು. ಹಿಂದಿನ ದಿನ ಎದೆನೋವು ಬಂತಂತೆ. ನನಗೆ ತಂತಿ ಕೊಡಿಸ್ತೀನಿ ಅಂದರೆ, "ಬೇಡ, ಆ ಹುಚ್ಚಿ ಸಮುದ್ರಕ್ಕೆ ಹಾರ್ಕೊಂಡ್ಬಿಡ್ತಾಳೆ" ಅಂದೆಯಂತೆ. ಬುಧವಾರ ಸಾಯಂಕಾಲ ಟೈಂಪೀಸಿಲ್ಲದ ಖಾಲಿ ಗೂಡಿನ ಕಡೆ ನೋಡಿ, "ಆರಾಯ್ತೇನೇ?" ಅಂತ ಕೇಳಿದೆಯಂತೆ. ಆಯ್ತಮ್ಮ ಅಂದಳಂತೆ ವಿಮಲ. "ಚಂದ್ರಿಗೆ ಇನ್ನೂ ಬೆಳಕಿದೆ. ನಿಧಾನಕ್ಕೆ ಉಣ್ಣಲಿ" ಅಂದೆಯಂತೆ. ಆಮೇಲೆ ಮಾತಾಡಲಿಲ್ಲವಂತೆ.

ನೀನು ನಿಧಾನಕ್ಕೆ ಉಣ್ಣಲಿ ಅಂದಾಗ ನಾನು ನುಂಗ್ತಿದ್ದೆ ಅಕ್ಕ. ನಿನ್ನ ಮಾತು ಮೀರಬಾರದು ಅಂತ, ನಿನ್ನ ಮಾತು ಕೇಳಿಸದೆ...

ವಿಮಲ ನಿನ್ನ ಕಾಗದ ಕೊಟ್ಟಳು. "ಚಿಕ್ಕಮ್ಮ, ಅಮ್ಮ ಸೋಮವಾರ ಬರೆದಿಟ್ಳು, ಟಪ್ಪಾಲಿಗೆ ಹಾಕೋಕಾಗ್ಲಿಲ್ಲ." ಅಂಟು ಸಹ ಹಚ್ಚಿದ್ದೆ. ಅದನ್ನ ಬಿಡಿಸೋಕೇ ನನಗೆ ಎರಡು ದಿನ ಬೇಕಾಯಿತು. "ಲೇ ಹುಚ್ಚಿ, ನೀನು ಎಲ್ಲಿ ನಿಂತಿದ್ದೀಯೋ ಅಲ್ಲಿ ಕಾಣೋನೇ ನಿನ್ನ ಸೂರ್ಯ. ಹುಳ ಹುಪ್ಪಟೆ ಸಾಯದಿರಲಿ ಅಂತ ತಾನೇ ನಾವು ಬೆಳಕಿನಲ್ಲಿ ಉಣ್ಣೋದು? ನಮ್ಮ ಮನೆ ಕತ್ತಲೆ ನಿನ್ನ ತಟ್ಟೆ ಮೇಲೆ ಯಾಕೆ ಬೀಳುತ್ತೆ? ಮುಳ್ಳು ತಿರುಗಿಸ್ಕೋ. ಅವರ ಶಾವಿಗೆಗೆ ಮೊಟ್ಟೆ ಹಾಕ್ತಾರೋ ಕೇಳು, ಇಲ್ಲದಿದ್ರೆ ಹೊಟ್ಟೆ ತುಂಬ ತಿನ್ನು. ನಂಗೂ ಒಂದು ಹಿಡಿ ತಾ."

ಇವರೂ ಇದನ್ನೇ ಹೇಳಿದ್ದರಲ್ಲ ಅಕ್ಕ. ಸಾಹೇಬರ ತಾಯಿಯೂ ಇದನ್ನೇ ತೋರಿಸಿದಳು. ನನ್ನ ಕಣ್ಣಿಗೂ ಕಾಣ್ತಿತ್ತು. ಆದರೆ ನಿನ್ನ ಬಾಯಿಂದ ಬಾರದೆ ನನಗೆ ಯಾವುದೂ ನಿಜವಾಗಲಿಲ್ಲ. ಇನ್ನು ಮೇಲೆ? ಮುಂದಿನ ವರ್ಷ ಏನಾದರೂ ಆದರೆ ಯಾರಿಗೆ ಕಾಗದ ಹಾಕಲಿ?

ನಿನಗೆ ಗೊತ್ತಿಲ್ಲದ ಒಂದು ಸುದ್ದಿ ಇದೆ. ಹೊರಡೋ ದಿನ ಆ ಅಜ್ಜಿ ಬಿಳೀ ಬಟ್ಟೆಯಲ್ಲಿ ಶಾವಿಗೆ ಗಂಟು ಕಟ್ಟಿ ಕೊಟ್ಟಿದ್ದಳು. ಮೊಟ್ಟೆ ಹಾಕಿಲ್ಲ, ಬರೀ ಗೋಧಿ ಮತ್ತು ನೀರು ಅಂತ ಸಾಹೇಬರಿಂದ ಮೂರು ಸಲ ಹೇಳಿಸಿದೆ. ನಿನಗೇ ಅಂತ ತಂದಿದ್ದೆ. ನಿನ್ನೆ ನಿನ್ನ ಅಡುಗೆಮನೆಯಲ್ಲಿ ಬೇಯಿಸಿ, ನೀನು ಮಾಡೋ ಹಾಗೆ ಕಾಯಿಹಾಲು ಬೆಲ್ಲ ಹಾಕಿ, ಭಾವನಿಗೂ ವಿಮಲಳಿಗೂ ಬಡಿಸಿದೆ. ಟೈಂಪೀಸನ್ನ ಅದರ ಗೂಡಿನಲ್ಲೇ ಇಟ್ಟಿದ್ದೀನಿ. ಈಗ ಅದು ಸರಿಯಾದ ಹೊತ್ತೇ ತೋರಿಸ್ತಿದೆ, ತಿರುಗಿಸೋದೇನೂ ಉಳಿದಿಲ್ಲ.

ಕೊನೆಗೆ ನಾನು ಕೂತೆ. ಎರಡು ತುತ್ತು ತಿಂದಿರಲಿಲ್ಲ, ಆರು ಬಡಿಯಿತು. ಅಭ್ಯಾಸ ನೋಡು, ತಟ್ಟೆ ಎತ್ತಿಕೊಂಡು ಎದ್ದೇಬಿಟ್ಟೆ. ಆಮೇಲೆ ಏನನ್ನಿಸಿತೋ, ತಟ್ಟೆ ಹಿಡಿದೇ ಬಾಗಿಲಿಗೆ ಹೋಗಿ ನೋಡಿದೆ. ಮೋಡ ಇತ್ತು. ಆದರೂ ಎದುರು ಮನೆ ಗೋಡೆ ಚೆನ್ನಾಗಿ ಕಾಣ್ತಿತ್ತು, ಕೋಳಿಗಳು ಇನ್ನೂ ಅಂಗಳದಲ್ಲೇ ಕೆದಕ್ತಿದ್ದವು. ಯಾರನ್ನೂ ಕೇಳಲಿಲ್ಲ ಅಕ್ಕ. ಹೊಸಿಲ ಮೇಲೇ ಕೂತೆ. ನಿನ್ನ ಪಾಲನ್ನೂ ಹಾಕಿಕೊಂಡು, ಒಂದೊಂದು ಎಳೆಯಾಗಿ, ನಿಧಾನಕ್ಕೆ ಉಂಡೆ.

ಮುಗಿಸಿ ಕೈ ತೊಳೆದಾಗಲೂ ಇನ್ನೂ ಬೆಳಕಿತ್ತು.

ನಿನ್ನ
ಚಂದ್ರಿ