ಹಕ್ಕಿಗಳಿಗೆ ಬಿಟ್ಟುಕೊಟ್ಟ ಕೋಣೆ

ಮುದ್ದು ಮರೀ,

ಹೇಗಿದ್ದೀಯೆ ಎಂದು ಕೇಳುವುದಿಲ್ಲ. ನಿನ್ನೆ ತಾನೇ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ದಡದಲ್ಲಿ ಓಡುತ್ತಿದ್ದವಳನ್ನು ಕಂಡೆ. ನೀನು ಕೈ ಬೀಸಿದೆ. ನನ್ನ ಎರಡು ಕೈಯಲ್ಲೂ ಅತಿಥಿಗಳ ಹಾಸುಬಟ್ಟೆಯ ಮೂಟೆ. ಒಂದೇ ದ್ವೀಪದಲ್ಲಿ ದುಡಿಯುವ ಅಕ್ಕತಂಗಿಯರು ಪತ್ರ ಬರೆದುಕೊಳ್ಳುವ ಹಾಗಾಯಿತು ನೋಡು.

ಈ ರೆಸಾರ್ಟಿಗೆ ನೀನು ವನ್ಯಜೀವಿ ಅಧಿಕಾರಿಯಾಗಿ ಬಂದಾಗ, ಲಾಂಡ್ರಿಯಲ್ಲಿ ಎಲ್ಲರ ಕಿವಿ ತೂತಾಗುವಷ್ಟು ನಿನ್ನ ಸುದ್ದಿಯನ್ನೇ ಹೇಳಿದ್ದೆ. ಲಾಂಡ್ರಿಯ ಹಿಂದೆ ಕೆಲಸದವರಿಗೆಂದು ಇದ್ದ ಕೋಣೆಗಳಲ್ಲಿ ಒಂದರಲ್ಲಿ ಇಬ್ಬರೂ ಇದ್ದೆವು. ಬಾಯ್ಲರಿನ ಬಿಸಿಗೆ ಗೋಡೆ ಸದಾ ಬೆಚ್ಚಗೆ. ನೀನು ಗೊಣಗುತ್ತಲೇ ಅದಕ್ಕೆ ಬೆನ್ನು ಒತ್ತಿ ಮಲಗುತ್ತಿದ್ದೆ.

ಕೋಣೆಗಳಾಚೆಯ ಮರಳುದಿಬ್ಬಕ್ಕೆ ಕಡಲಹಕ್ಕಿಗಳು ಮೊಟ್ಟೆಯಿಡಲು ಬರುತ್ತಿದ್ದವು. ನಮ್ಮ ದೀಪಕ್ಕೆ, ಓಡಾಟಕ್ಕೆ ಬೆದರಿ ಹಾರಿಹೋಗುತ್ತಿದ್ದವು. ಕೆಲಸದವರ ಕೋಣೆಗಳನ್ನು ತೆಗೆಸಬೇಕೆಂದು ನೀನು ಮಾಲೀಕರಿಗೆ ಬರೆದೆ. ಅವರು ಒಪ್ಪಿದರು. ಹಕ್ಕಿಗಳ ಬಗ್ಗೆ ಅವರ ಕಾಳಜಿ ತೋರಿಕೆಯದಲ್ಲ, ಅದನ್ನು ನಾನೂ ಬಲ್ಲೆ. ಆದರೆ ಸುದ್ದಿ ನನಗೆ ಗೊತ್ತಾದದ್ದು ಮ್ಯಾನೇಜರು ಎಲ್ಲರನ್ನೂ ನಿಲ್ಲಿಸಿ ಹೇಳಿದಾಗ. "ಈ ಹಕ್ಕಿಗಳಿಗೆ ಅತಿಥಿಗಳ ವಿಲ್ಲಾಗಳ ಕಡೆ ಜಾಗ ಹಿಡಿಸಲ್ವಂತಾ?" ಎಂದಳು ಇಸ್ತ್ರಿಯವಳು. ಎಲ್ಲರೂ ನನ್ನನ್ನೇ ನೋಡಿ ನಕ್ಕರು.

ಆ ಸಂಜೆ ನಾನು ಕೇಳಿದ್ದು ಒಂದೇ ಮಾತು: "ನನಗೆ ಮೊದಲೇ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ. ನೀನು ಬೇಡ ಅಂದ್ಮೇಲೆ ನನ್ ಕೈಲಿ ಬರೆಯೋಕಾಗ್ತಿರ್ಲಿಲ್ಲ, ಅಕ್ಕ."

ನಾನು ಗೋಡೆಯತ್ತ ತಿರುಗಿ ಮಲಗಿದೆ. ಜಗಳಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ಕೋಣೆಗಳನ್ನು ಕೆಡವಿದ ಮೇಲೆ ನಿನಗೆ ದಿಬ್ಬದ ಬಳಿ ಒಂದು ಡೇರೆ. ನಮಗೆ ಆಚೆ ದಡದ ಊರಲ್ಲಿ ಬಾಡಿಗೆ ಕೋಣೆ. ದಿನಾ ಬೆಳಿಗ್ಗೆ ದೋಣಿ, ದೋಣಿಯಲ್ಲಿ ವಾಂತಿ, ಇಳಿದ ಮೇಲೂ ಕಾಲಡಿಯ ನೆಲ ತೂಗುತ್ತದೆ.

ಹೋದ ವಾರ ನೀನು ನನ್ನನ್ನು ಎಳೆದುಕೊಂಡು ಹೋಗಿ ಹಕ್ಕಿಗಳಿಗೆ ಮರೆಯಾಗಿ ಕಟ್ಟಿದ ತಟ್ಟಿಯ ಸಂದಿಯಿಂದ ಮರಿಗಳನ್ನು ತೋರಿಸಿದೆ. ನಮ್ಮ ಕೋಣೆಯಿದ್ದ ಜಾಗದಲ್ಲೇ ಒಂದು ತಾಯಿ ಬಿಸಿಲಿಗೆ ರೆಕ್ಕೆ ಅಗಲಿಸಿ ನಿಂತಿತ್ತು, ಅದರ ನೆರಳಲ್ಲಿ ಹತ್ತಿಯುಂಡೆಯಂಥ ಮರಿ. ನೀನು ಬರೆದದ್ದು ಸರಿಯೇ ಇತ್ತು, ಮರೀ. ಆದರೆ ನನಗೆ ಖುಷಿಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ತಟ್ಟಿಗೆ ಒರಗಿದ್ದಷ್ಟೇ ಗೊತ್ತು, ನಿದ್ದೆ ಹತ್ತಿಬಿಟ್ಟಿತು. ಎಚ್ಚರವಾದಾಗ ನಿನ್ನ ಟೋಪಿ ನನ್ನ ಮುಖದ ಮೇಲಿತ್ತು. ದೋಣಿಯವನ ಕೈಕಾಲು ಹಿಡಿದು ನೀನು ನನಗಾಗಿ ದೋಣಿ ನಿಲ್ಲಿಸಿದ್ದೆ. ಹತ್ತಿದಾಗ ತಡವಾಯಿತೆಂದು ಎಲ್ಲರೂ ನನ್ನನ್ನು ಬೈದರು. ನಿನ್ನ ಮೇಲೆ ಉಳಿದಿದ್ದ ಅಷ್ಟಿಷ್ಟು ಮುನಿಸೂ ಆ ಬೈಗುಳದಲ್ಲೇ ತೊಳೆದುಹೋಯಿತು.

ಈಗ ವಿಷಯಕ್ಕೆ ಬರುತ್ತೇನೆ. ಆಚೆ ದಡದ ಊರಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ನನಗೆ ಕೆಲಸ ಸಿಕ್ಕಿದೆ. ಮುಂದಿನ ತಿಂಗಳಿಂದ ದ್ವೀಪಕ್ಕೆ ಬರುವುದಿಲ್ಲ. ನಿನ್ನಿಂದಾಗಿ ಬಿಟ್ಟೆ ಎಂದು ಕೊರಗಬೇಡ. ಈ ಮೈಗೆ ಸಮುದ್ರ ಸಾಕಾಗಿದೆ, ಅಷ್ಟೇ.

ಒಂದು ಕೆಲಸ ಮಾತ್ರ ಮಾಡಿಕೊಡು. ಇಸ್ತ್ರಿಯವಳು ಬಸುರಿ, ಅದೇ ದೋಣಿಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂರುತ್ತಾಳೆ. ವಿಲ್ಲಾಗಳ ಸಾಲಿನಲ್ಲೇ ಕೆಲಸದವರಿಗೆ ನಾಲ್ಕು ಕೋಣೆ ಬಿಟ್ಟುಕೊಡಿ ಎಂದು ಮಾಲೀಕರಿಗೆ ಬರೆ. ನಿನ್ನ ಮಾತಿಗೆ ಅಲ್ಲಿ ಬೆಲೆಯಿದೆ. ಈ ಸಲವೂ ಬರೆಯುವ ಮೊದಲು ಯಾರನ್ನೂ ಕೇಳಬೇಡ.

ರಜೆ ಸಿಕ್ಕ ದಿನ ಬಾ, ತಲೆ ಬಾಚುತ್ತೇನೆ. ಉಪ್ಪುಗಾಳಿಗೆ ನಿನ್ನ ಕೂದಲೆಲ್ಲ ನಾರಾಗಿದೆ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮರಿಗಳೆಲ್ಲ ರೆಕ್ಕೆ ಬಲಿತು ಹಾರಲಿ, ನೀನು ಚೆನ್ನಾಗಿರು.

ದಣಿದಿರುವ, ಮುನಿಸಿಲ್ಲದ
ನಿನ್ನ ಅಕ್ಕ