ದಾಕ್ಷಿಣ್ಯದ ನಡಿಗೆ

ಭಾನುವಾರ, ಫೆಬ್ರವರಿ 25, 2007

ಹದಿನೈದು ದಿನಕ್ಕೊಮ್ಮೆಯ ಪರೀಕ್ಷೆಯ ಎರಡನೇ ಸುತ್ತು ಮುಗಿಯಿತು. ಬೆಳಿಗ್ಗೆ ಗುಂಡ್ಲುಪೇಟೆಯ ಸಿದ್ದಯ್ಯ, ಮಧ್ಯಾಹ್ನ ಚಂದಕವಾಡಿಯ ದೊಡ್ಡಮಲ್ಲಮ್ಮಜ್ಜಿ. ಹೆಗಲಿಗೆ ಲ್ಯಾಪ್‌ಟಾಪ್, ಕೈಯಲ್ಲಿ ಸೆನ್ಸರ್ ಡಬ್ಬಿ, ಬಸ್ಸಿನಲ್ಲಿ ನಿಂತೇ ಪ್ರಯಾಣ. ಎಂ.ಟೆಕ್‌ಗೆ ಬಯೋಮೆಕ್ಯಾನಿಕ್ಸ್ ಆರಿಸಿಕೊಂಡವಳು ನಾನೇ, ಯಾರನ್ನು ಬೈಯಲಿ. ಟಿಶ್ಯೂ ಎಂಜಿನಿಯರಿಂಗ್ ತೆಗೆದುಕೊಂಡ ಶಶಿರೇಖಾ ಏಸಿ ರೂಮಿನಲ್ಲಿ ಕೂತು ಜೀವಕೋಶ ಬೆಳೆಸುತ್ತಾಳೆ. ಇಮೇಜಿಂಗ್‌ನವರಿಗೆ ಕಂಪ್ಯೂಟರ್ ಒಂದಿದ್ದರೆ ಸಾಕು. ನನಗೆ ಮನುಷ್ಯರು ಬೇಕಿತ್ತು.

ಆರು ವರ್ಷದ ಹಿಂದೆ ಹಾವು ಕಚ್ಚಿ, ಅಜ್ಜಿಯ ಎಡಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದಾರೆ. ನನ್ನ ಥೀಸಿಸ್ಸೇ ಒಂದು ಕೃತಕ ಕಾಲು — ಹೊಲದ ಬದುವಿನ ಮೇಲೂ ವಾಲಬಾರದು ಅಂತ. ಆರು ಜನಕ್ಕೆ ಕೊಟ್ಟಿದ್ದೇನೆ. ಅಜ್ಜಿ ಅಂಗಳದಲ್ಲಿ ಇಪ್ಪತ್ತು ಸುತ್ತು ಬಂದರು. ಗ್ರಾಫ್ ಚೆನ್ನಾಗಿದೆ. ನೋವು?

"ಇಲ್ಲ ಕಣಮ್ಮಿ. ಸಂದಾಗದೆ."

ದಿನಕ್ಕೆ ಎಷ್ಟು ಹೊತ್ತು ಹಾಕಿಕೊಳ್ತೀರಿ?

"ಬೆಳಿಗ್ಗಿಂದ ಸಂದೆಗಂಟ."

ಫಾರಂನಲ್ಲಿ 'ಚರ್ಮ' ಅಂತ ಒಂದು ಕಾಲಂ. ಕಾಲು ಬಿಚ್ಚಿಸಿ, ನೋಡಿ ಬರೆಯಬೇಕು. ಜಗಲಿಯಲ್ಲಿ ಮಗ ಮಾದೇಶಣ್ಣ, ಯಾರೋ ನೆಂಟರು... ಸೀರೆ ಎತ್ತಿ ಅನ್ನಲು ನನ್ನ ನಾಲಿಗೆ ಹೊರಳಲಿಲ್ಲ. ಬಾಯಲ್ಲೇ ಕೇಳಿ ಟಿಕ್ ಹಾಕಿದೆ — ಸರಿಯಾಗಿದೆ.

ಭಾನುವಾರ, ಏಪ್ರಿಲ್ 8

ಐದನೇ ಸುತ್ತು. ಆರು ಜನರಲ್ಲಿ ಅಜ್ಜಿಯದೇ ಒಳ್ಳೆಯ ರಿಸಲ್ಟ್. ಜೂನ್ ಒಂದಕ್ಕೆ ಥೀಸಿಸ್ ಕೊಟ್ಟರೆ ನಮ್ಮ ಕಾಲೇಜಿನಲ್ಲೇ ಲೆಕ್ಚರರ್ ಕೆಲಸ, ಗೈಡ್ ಸರ್ ಮಾತು ಕೊಟ್ಟಿದ್ದಾರೆ. ನಮ್ಮ ಅಬ್ಬಾ ಆಗಲೇ ತಮ್ಮ ಚಪ್ಪಲಿ ಅಂಗಡಿಗೆ ಬಂದವರಿಗೆಲ್ಲ ಮಗಳು ಲೆಕ್ಚರರ್ ಅಂತ ಹೇಳಿಬಿಟ್ಟಿದ್ದಾರೆ.

ಅಜ್ಜಿ ಮಜ್ಜಿಗೆ ಕೊಟ್ಟು ಕೇಳಿದರು, "ನಾನು ಸಂದಾಗಿ ನಡದ್ರೆ ನೀನು ಪಾಸಾಗೀಯೇನಮ್ಮಿ?"

ಹೌದಜ್ಜಿ ಅಂದೆ. ನಗುತ್ತಲೇ ಅಂದೆ.

ಸೋಮವಾರ, ಏಪ್ರಿಲ್ 23

ನಿನ್ನೆ ಆರನೇ ಸುತ್ತು. ಆರು ಜನಕ್ಕೂ ಚಪ್ಪಲಿ ಹೊಲಿದುಕೊಟ್ಟದ್ದು ಅಬ್ಬಾ. ಅಜ್ಜಿಯ ಬಲಗಾಲಿನದರ ಪಟ್ಟಿ ಕಿತ್ತಿತ್ತು, ಜೋಡಿಯನ್ನೇ ತಂದಿದ್ದೆ. ಅಬ್ಬಾ ಎರಡನ್ನೂ ಮಗುಚಿ ನೋಡಿದರು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಉರ್ದುವಿನಲ್ಲಿ ನಿಧಾನವಾಗಿ ಹೇಳಿದರು, ಈ ಹೆಂಗಸು ಒಂದೇ ಕಾಲಲ್ಲಿ ಓಡಾಡುತ್ತಾಳೆ ಮಗಳೇ.

ಬಲದ ಅಟ್ಟೆ ಅರ್ಧ ಸವೆದಿದೆ. ಕೃತಕ ಕಾಲಿಗೆ ಹಾಕುವ ಎಡದರ ಅಂಚು ಅಬ್ಬಾ ಕತ್ತರಿಸಿದ ದಿನದಷ್ಟೇ ಚೂಪು.

ಎರಡು ತಿಂಗಳು ಸೆನ್ಸರ್ ಹೊತ್ತು ತಿರುಗಿದವಳು ನಾನು. ನಾಚಿಕೆಯಾಯಿತು.

ಮಂಗಳವಾರ, ಏಪ್ರಿಲ್ 24

ಹೇಳದೆ ಚಂದಕವಾಡಿಗೆ ಹೋದೆ. ಅಜ್ಜಿ ಕೋಲೂರಿಕೊಂಡು ಹಿತ್ತಲಿನಿಂದ ಬರುತ್ತಿದ್ದರು. ನನ್ನನ್ನು ಕಂಡವರೇ ಅವಸರವಾಗಿ ಒಳಗೆ ಹೋದರು — ಕಾಲು ಹಾಕಿಕೊಂಡು ಬರಲು.

ಮಾದೇಶಣ್ಣ ತಲೆ ತಗ್ಗಿಸಿ ಹೇಳಿದರು. "ಮನೇಲಿ ಆಕ್ಕೊಳಲ್ಲ ಕಣವ್ವ. ನೀನು ಬರೋ ದಿಸ ಮಾತ್ರ ಬಟ್ಟೆ ಸುತ್ತಿ ಆಕ್ಕೊತದೆ. ಗಾಯ ಆಗದೆ. ಆ ಎಣ್ಮಗ ಫೇಲಾಗ್ಬುಟ್ಟಾದು, ಏಳ್ಬ್ಯಾಡ ಅಂದ್ಬುಡ್ತು ನಮ್ಮವ್ವ."

ಹದಿನೈದು ದಿನ ಮಾಯುವುದು. ನಾನು ಹೋಗುವುದು. ಇಪ್ಪತ್ತು ಸುತ್ತು ನಡೆಸಿ ಮತ್ತೆ ಒಡೆದು ಬರುವುದು.

ಅಜ್ಜಿಯ ಮೈ ಸುಡುತ್ತಿತ್ತು. ಆಟೋ ಮಾಡಿ ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಬಟ್ಟೆ ಬಿಚ್ಚುವಾಗ ನಾನು ಪರದೆಯ ಆಚೆಯೇ ನಿಂತೆ. ಧೈರ್ಯ ಬರಲಿಲ್ಲ.

ಶುಕ್ರವಾರ, ಮೇ 4

ಬರೆಯಲು ಆಗಿರಲಿಲ್ಲ.

ಉಳಿದ ಐದು ಜನರನ್ನೂ ಹೋಗಿ ನೋಡಿ ಬಂದೆ. ಈ ಸಲ ಬಿಚ್ಚಿಸಿಯೇ ನೋಡಿದೆ. ಎಲ್ಲರದೂ ಸರಿಯಿದೆ. ಸಿದ್ದಯ್ಯನವರ ಕೃತಕ ಕಾಲಿನ ಚಪ್ಪಲಿ ಸವೆದು ತೂತು ಬಿದ್ದಿದೆ. ಅದನ್ನು ನೋಡಿ ಅಳು ಬಂತು.

ಅಜ್ಜಿಗೆ ಶುಗರ್ ಇದೆಯಂತೆ, ಯಾರಿಗೂ ಗೊತ್ತಿರಲಿಲ್ಲ. ಕೀವು ಮೂಳೆಗೆ ಇಳಿದಿದೆ. ಸೋಮವಾರ ಮಂಡಿಯ ಮೇಲಿಂದ ಕಾಲು ತೆಗೆಯುತ್ತಾರೆ. ಮಂಡಿಯೊಂದು ಉಳಿದರೆ ಅರ್ಧ ಕಾಲು ಉಳಿದ ಹಾಗೆ ಅಂತ ಥೀಸಿಸ್ಸಿನ ಮೊದಲ ಪುಟದಲ್ಲೇ ಬರೆದಿದ್ದೇನೆ.

ಸರ್ ಫೋನ್ ಮಾಡಿದ್ದರು. "ನಾಜ್ನೀನ್, ಒಬ್ಬರು ಮಧ್ಯದಲ್ಲಿ ಬಿಟ್ಟರು, ವೈಯಕ್ತಿಕ ಕಾರಣ ಅಂತ ಹಾಕಿ ಮುಗಿಸು. ಐದು ಜನ ಸಾಕು. ಇದನ್ನೆಲ್ಲ ಬರೆದರೆ ಮೊದಲಿಂದ ಶುರು ಮಾಡಬೇಕಾಗುತ್ತೆ. ಇನ್ನೊಂದು ವರ್ಷ. ಆ ಕೆಲಸ ನಿನಗೋಸ್ಕರ ಕಾಯಲ್ಲಮ್ಮ."

ವೈಯಕ್ತಿಕ ಕಾರಣ. ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಟೈಪ್ ಮಾಡಿದೆ.

ಶನಿವಾರ, ಮೇ 5 — ಬೆಳಿಗ್ಗೆ 11, ಆಸ್ಪತ್ರೆ

ಅಜ್ಜಿಯ ಆರು ಸುತ್ತಿನ ಆರೂ ಫಾರಂ ಹಿಡಿದು ಬಂದೆ. ಅಜ್ಜಿಯ ಮುಖ ಇಷ್ಟೇ ಇಷ್ಟಾಗಿದೆ. ನನ್ನ ಕೈ ಹಿಡಿದುಕೊಂಡು ಕೇಳಿದರು, "ನಾನು ಸುಳ್ಳೇಳ್ದೆ ಅಂತ ನಿನ್ನ ಫೇಲ್ ಮಾಡ್ಬುಟ್ರೇನಮ್ಮಿ?"

ಸುಳ್ಳು ಬರೆದದ್ದು ನಾನಜ್ಜಿ ಅಂದೆ. ನೋಡಿ ಬರೀಬೇಕಿತ್ತು, ನೋಡಲಿಲ್ಲ. ಯಾವತ್ತಿಂದ ನೋವು, ನಿಜ ಹೇಳಿ.

ಅಜ್ಜಿ ಹೊದಿಕೆ ಎಳೆದು ಕಾಲು ಮುಚ್ಚಿಕೊಂಡರು. "ಮೊದ್ಲುನೇ ದಿಸದಿಂದ್ಲೂವೆ."

ನರ್ಸ್ ಡ್ರೆಸಿಂಗ್‌ಗೆ ಬಂದರು. ಮಾದೇಶಣ್ಣ ಎದ್ದು ಹೊರಗೆ ಹೋದರು. ಪರದೆ ಎಳೆದರು. ನಾನು ಒಳಗೇ ಉಳಿದೆ, ಕೈಯಲ್ಲಿ ಅಳತೆ ಟೇಪು. ಆರು ಟಿಕ್‌ಗಳನ್ನೂ ಹೊಡೆದುಹಾಕಿದ್ದೇನೆ. ಥೀಸಿಸ್ಸಿಗೆ ಹೋಗುವುದು ಇದೇ. ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ.

ಚರ್ಮ: ಒಡೆದಿದೆ, ಮೊದಲ ದಿನದಿಂದ. ಕಾರಣ: ನಾನು ಮಾಡಿಕೊಟ್ಟ ಕಾಲು. ಉದ್ದ: ಐದು ಸೆಂಟಿಮೀಟರ್. ಅಗಲ: ಮೂರು. ಆಳ —